ನನ್ನ ಮೂರು ಕೊರತೆಗಳು ಬೇಕಾಗಿದ್ದವು

ನಮ್ಮ ಚೀಸ್ ಕಾರ್ಖಾನೆಯ ಸಿಬ್ಬಂದಿ ವಿಭಾಗ ಎಂದರೆ ನಾನು, ಒಂದು ಕಬ್ಬಿಣದ ಬೀರು, ಆ ಬೀರುವಿನೊಳಗೆ ನೂರಾ ಹನ್ನೆರಡು ಜನರ ಕೆಲಸದ ಪುಸ್ತಕಗಳು. ಯಾರು ಯಾವಾಗ ಸೇರಿದರು, ಯಾರಿಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಕುಡಿದು ಬಂದು ಬೈಸಿಕೊಂಡರು, ಎಲ್ಲವೂ ನನ್ನ ದುಂಡು ಕೈಬರಹದಲ್ಲೇ ಇದೆ. ಇಪ್ಪತ್ತಾರು ವರ್ಷದಿಂದ ಆ ಬೀರುವಿನ ಬೀಗದ ಕೈ ನನ್ನ ಕೊರಳಲ್ಲಿದೆ. ನಾರಿನ್ ಊರಿನಲ್ಲಿ ಕಾಲಿಪಾ ಎಜೆ, ಅಂದರೆ ಕಾಲಿಪಾ ಅಕ್ಕ, ಎಂದು ಹೆಸರು ಹೇಳಿದರೆ ಎಂಥ ಗಂಡಸೂ ಟೋಪಿ ಸರಿಮಾಡಿಕೊಳ್ಳುತ್ತಾನೆ.

ಹೀಗಿದ್ದವಳಿಗೆ ರಾಜಧಾನಿ ಬಿಷ್ಕೆಕ್‌ನಲ್ಲಿ ಕೂತ ಹೊಸ ಮಾಲೀಕ ಒಂದು ಕಾಗದ ಕಳಿಸಿದ. ಜೂನ್ ಒಂದರೊಳಗೆ ಪ್ರತಿ ವಿಭಾಗದ ಮುಖ್ಯಸ್ಥರೂ ತಮ್ಮ ಕೆಲಸದಲ್ಲಿ ತರಬೇತಿ ಪಡೆದು ಪ್ರಮಾಣಪತ್ರ ತರಬೇಕು, ತರದವರನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಲಾಗುವುದು. ನನಗೆ ಐವತ್ತೈದು. ಪಿಂಚಣಿಗೆ ಇನ್ನು ಮೂರು ವರ್ಷ. ಈ ವಯಸ್ಸಿನಲ್ಲಿ ನಿಂತುಕೊಂಡು ಚೀಸ್ ಉಂಡೆಗೆ ಪ್ಲಾಸ್ಟಿಕ್ ಸುತ್ತಬೇಕೆ? ಅದೂ ನಾನೇ ಕೆಲಸಕ್ಕೆ ಸೇರಿಸಿಕೊಂಡ ಹುಡುಗಿಯರ ಪಕ್ಕದಲ್ಲಿ?

ಸೇರಿಕೊಂಡೆ. ನಾಲ್ಕು ತಿಂಗಳ ಪಾಠ, ಕಂಪ್ಯೂಟರ್ ಮುಂದೆ. ಕಲಿಸುವವಳು ಮೀರಿಮ್ ಎಂಬ ಇಪ್ಪತ್ತೇಳರ ಹುಡುಗಿ, ಮೂಗಿಗೊಂದು ಹರಳು. ನನ್ನ ಕಾಲದಲ್ಲಿ 'ಸಿಬ್ಬಂದಿ' ಅನ್ನುತ್ತಿದ್ದುದನ್ನು ಅವಳು 'ಎಚ್ಆರ್' ಅನ್ನುತ್ತಾಳೆ, ನಾವು 'ಬೈದು ಬುದ್ಧಿ ಹೇಳೋದು' ಅನ್ನುತ್ತಿದ್ದುದಕ್ಕೆ ಅವಳಲ್ಲಿ ಎರಡು ಗಂಟೆಯ ಪಾಠವೇ ಇದೆ. ಆದರೆ ಸುಳ್ಳೇಕೆ ಹೇಳಲಿ, ನನಗೆ ಹುಚ್ಚು ಹಿಡಿಯಿತು. ಹೊಸಬರನ್ನು ಸಂದರ್ಶಿಸುವುದು ಹೇಗೆ, ಒಬ್ಬನ ಕೈಯಲ್ಲಿ ಯಾವ ಕೆಲಸ ಚೆನ್ನಾಗಿ ನಡೆಯುತ್ತದೆ ಎಂದು ಕಂಡುಹಿಡಿಯುವುದು ಹೇಗೆ, ಬಿಟ್ಟುಹೋಗುವವನನ್ನು ಏನು ಕೇಳಬೇಕು. ಹಾದಿಯಲ್ಲಿ ನಡೆಯುವಾಗಲೂ ಮನಸ್ಸಿನಲ್ಲಿ ಅದೇ. ಕಾರ್ಮಿಕ ಕಾನೂನಿನ ಪರೀಕ್ಷೆಯಲ್ಲಿ ಪೂರ್ತಿ ಅಂಕ ಬಂತು, ಹೆರಿಗೆ ರಜೆಯ ಪಾಠದಲ್ಲಿ ಮೀರಿಮ್ ಮಾಡಿದ ತಪ್ಪನ್ನು ನಾನೇ ತಿದ್ದಿದೆ. ಅವಳ ಹರಳು ಸ್ವಲ್ಪ ಮಂಕಾದಂತೆ ಕಂಡಿತು.

ಕೊನೆಯ ಮನೆಗೆಲಸಕ್ಕೆ ಬಂದಾಗ ಸಿಕ್ಕಿಬಿದ್ದೆ. ನಮ್ಮ ಜೊತೆ ಕೆಲಸ ಮಾಡುವ ಆರು ಜನ ನಮ್ಮ ಬಗ್ಗೆ ಒಂದು ನಮೂನೆ ತುಂಬಬೇಕು. ಹೆಸರು ಬರೆಯುವ ಹಾಗಿಲ್ಲ. ಹನ್ನೆರಡು ಪ್ರಶ್ನೆಗೆ ಹತ್ತರಲ್ಲಿ ಅಂಕ ಕೊಡಬೇಕು, ಕೆಳಗೆ ನಮ್ಮ ಕೊರತೆ ಬರೆಯಬೇಕು. ಬಂದ ಕೊರತೆಗಳಲ್ಲಿ ಮೂರನ್ನು ನಾವೇ ಆರಿಸಿ, ಮುಂದಿನ ಒಂದು ವರ್ಷ ಏನು ಕಲಿತು ಹೇಗೆ ತಿದ್ದಿಕೊಳ್ಳುತ್ತೇವೆ ಎಂದು ಯೋಜನೆ ಬರೆದು ಒಪ್ಪಿಸಬೇಕು. ಅದರ ಒಂದು ಪ್ರತಿ ಮಾಲೀಕನಿಗೂ ಹೋಗುತ್ತದೆ.

ಆರು ಜನರೂ ಒಂದೇ ದಿನದಲ್ಲಿ ತುಂಬಿ ಕಳಿಸಿದರು. ಮಾರನೆಯ ದಿನ ಮೀರಿಮ್ ಪರದೆಯ ಮೇಲೆ ಬಂದಳು, ಮುಖ ಸಪ್ಪಗಿತ್ತು.

"ಕಾಲಿಪಾ ಎಜೆ, ಎಲ್ಲರೂ ಎಲ್ಲಾದಕ್ಕೂ ಹತ್ತಕ್ಕೆ ಹತ್ತು ಕೊಟ್ಟಿದಾರೆ."

"ಕೊಡದೆ?"

"ಕೊರತೆ ಅನ್ನೋ ಕಡೆ ಒಬ್ರು 'ಇಲ್ಲ' ಅಂದಿದಾರೆ. ಇಬ್ರು 'ದೇವ್ರು ಆಯಸ್ಸು ಕೊಡ್ಲಿ' ಅಂತ ಬರ್ದಿದಾರೆ. ಇನ್ನೊಬ್ರು 'ಎಜೆ ಸರಿಯಾಗಿ ಊಟ ಮಾಡಲ್ಲ, ಸೊರಗಿ ಹೋಗಿದಾರೆ' ಅಂತೆ."

ನಾನು ತೊಂಬತ್ತೊಂದು ಕಿಲೋ ಇದ್ದೇನೆ.

"ಹೆಸ್ರು ಹಾಕ್ಬೇಡಿ ಅಂದಿದ್ವಿ. ನಾಲ್ಕು ಜನ ಹೆಸ್ರು, ಫೋನ್ ನಂಬರ್ ಎರಡೂ ಹಾಕಿದಾರೆ."

ಹಾಕದೆ ಇರುತ್ತಾರೆಯೇ? ಹೊಗಳಿದ್ದು ಯಾರೆಂದು ನನಗೆ ಗೊತ್ತಾಗದಿದ್ದರೆ ಹೊಗಳಿ ಏನು ಪ್ರಯೋಜನ? ಇದು ಮೀರಿಮ್‌ಗೆ ಅರ್ಥವಾಗಲಿಲ್ಲ. ನಮೂನೆಗಳೆಲ್ಲ ತಿರಸ್ಕೃತ, ಸೋಮವಾರದೊಳಗೆ ಹೊಸದಾಗಿ ಬರದಿದ್ದರೆ ಪ್ರಮಾಣಪತ್ರ ಇಲ್ಲ ಎಂದಳು.

ಅಂದು ಬುಧವಾರ. ಇಪ್ಪತ್ತಾರು ವರ್ಷ ಜನರೇ ನನ್ನ ಬಾಗಿಲಿಗೆ ಬಂದಿದ್ದರು, ಈಗ ನಾನು 'ನನ್ನನ್ನು ಸ್ವಲ್ಪ ಬಯ್ಯಿರಿ' ಎಂದು ಅವರ ಬಾಗಿಲಿಗೆ ಹೋಗಬೇಕಾಯಿತು. ಮೊದಲು ಹಾಲಿನ ಲಾರಿಯ ಶೆರ್ಗಾಜಿಯನ್ನು ಹಿಡಿದೆ. ಅವನು ಟಯರಿನ ಹಿಂದೆ ಬಚ್ಚಿಟ್ಟುಕೊಳ್ಳಲು ನೋಡಿದ.

"ಎಜೆ, ನನ್ ಹೆಂಡ್ತಿ ಮನೇಗೆ ಹೆಣ್ಣು ಕೇಳೋಕೆ ಹೋದೋರೇ ನೀವು. ನಿಮ್ ತಪ್ಪು ಹೇಳಿದ್ರೆ ಅವ್ಳು ಸಂಜೆ ಬಾಗ್ಲು ತೆಗೀತಾಳಾ? ಎಜೆ ಅಂತ ಕರ್ದ ಬಾಯಲ್ಲಿ ಹೆಂಗೆ ಹೇಳ್ಲಿ?"

ಅದೂ ನಿಜವೇ. ನನಗಿಂತ ಹಿರಿಯರಾದರೆ ಹೇಳಬಹುದು ಎಂದು ಚೀಸ್ ಮೇಸ್ತ್ರಿ ಎಸೆಂಗುಲ್ ಬಾಯ್ಕೆಯ ಹತ್ತಿರ ಹೋದೆ. ನನಗಿಂತ ನಾಲ್ಕು ವರ್ಷ ದೊಡ್ಡವನು, ಬಾಯ್ಕೆ ಎಂದರೆ ಅಣ್ಣನೇ. ಅವನು ಮೊಸರಿನ ತೊಟ್ಟಿಯಿಂದ ಕಣ್ಣು ಮೇಲೆತ್ತಲಿಲ್ಲ.

"ತೊಂಬತ್ತೆಂಟರಲ್ಲಿ ನನ್ ಪುಸ್ತಕದಲ್ಲಿ ಏನ್ ಬರ್ದಿದೀಯ ಅಂತ ನಂಗೆ ನೆನಪಿದೆ ಕಾಲಿಪಾ. ಅದನ್ನ ಹೊರಗೆ ತೆಗೆಯೋಕೆ ನೆಪ ಹುಡುಕ್ತಿದೀಯಾ?"

"ನಿಜವಾಗ್ಲೂ ನನ್ನ ಕೊರತೆ ಬೇಕು ಮಾರಾಯ!"

"ನಿನ್ನಲ್ಲಿ ಕೊರತೆನಾ? ಚಂದ್ರನಲ್ಲಿದ್ರೂ ನಿನ್ನಲ್ಲಿಲ್ಲ ತಾಯಿ," ಎಂದು ಕೈಮುಗಿದುಬಿಟ್ಟ.

ನನಗೆ ರೇಗಿಹೋಯಿತು. ಇವರ ಬಾಯಿ ಬಿಡಿಸಲು ಒಂದೇ ದಾರಿ. ಶನಿವಾರ ಕುರಿ ತರಿಸಿದೆ, ಭಾನುವಾರ ಮಧ್ಯಾಹ್ನಕ್ಕೆ ಆರು ಜನರನ್ನೂ ಮನೆಗೆ ಕರೆದೆ. ನಮ್ಮಲ್ಲಿ ಊಟದ ಹಾಸಿನ ಮುಂದೆ ಕೂತ ಮೇಲೆ ಸುಮ್ಮನೆ ಉಣ್ಣುವ ಹಾಗಿಲ್ಲ. ಹಿರಿಯರಿಂದ ಕಿರಿಯರವರೆಗೆ ಒಬ್ಬೊಬ್ಬರೂ ಎದ್ದು ನಾಲ್ಕು ಮಾತು ಆಡಲೇಬೇಕು. ಸರದಿ ಬಂದಾಗ ಬಾಯಿ ಬಿಡದವನು ಮನೆಯವರನ್ನು ಅವಮಾನಿಸಿದ ಹಾಗೆ. ಒಳಗೆ ನನ್ನ ಗಂಡ ಮಮತ್ ಕಡಾಯಿಯ ಮುಚ್ಚಳ ಸರಿಸಿದ, ಬೆಂದ ಮಾಂಸದ ವಾಸನೆ ಕೋಣೆಗೆಲ್ಲ ಹರಡಿತು. ಆಗ ಹೇಳಿದೆ.

"ಇವತ್ತು ಹಾರೈಕೆ ಬೇಡ. ತಲೆಗೊಂದು ಕೊರತೆ, ನಂದು. ಹೇಳಿದ ಮೇಲೇನೇ ಮಾಂಸ."

ಎಸೆಂಗುಲ್ ಬಾಯ್ಕೆ ಎದ್ದು ಗಂಟಲು ಸರಿಮಾಡಿಕೊಂಡ. "ನಮ್ಮ ಕಾಲಿಪಾದು ಒಂದೇ ಕೊರತೆ. ಇಂಥೋಳು ನಮ್ಮಲ್ಲಿ ಒಬ್ಳೇ ಇರೋದು!"

ಎಲ್ಲರೂ ಚಪ್ಪಾಳೆ ತಟ್ಟಿದರು.

"ಕೂತ್ಕೋ ಬಾಯ್ಕೆ. ನಿಂಗೆ ಚಾ ಮಾತ್ರ."

ಲೆಕ್ಕಪತ್ರದ ರಾಬಿಯಾ, ಎಜೆ ತಮ್ಮ ಆರೋಗ್ಯ ನೋಡಿಕೊಳ್ಳುವುದಿಲ್ಲ ಎಂದಳು. ಸೊರಗಿದ್ದೇನೆಂದು ಬರೆದವಳು ಯಾರೆಂದು ಗೊತ್ತಾಯಿತು. ಅವಳಿಗೂ ಚಾ. ಮೂರನೆಯವನು ಶೆರ್ಗಾಜಿ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವಂತೆ, ನಮ್ಮ ಮನೆಯ ಊಟಕ್ಕೆಂದು ಹೊಟ್ಟೆ ಖಾಲಿ ಇಟ್ಟುಕೊಂಡು ಬಂದಿದ್ದ. ಅಡುಗೆಮನೆಯ ಕಡೆ ನೋಡಿದ, ನನ್ನ ಕಡೆ ನೋಡಿದ, ಕಣ್ಣು ಮುಚ್ಚಿಕೊಂಡ.

"ಎಜೆ, ರಜೆ ಅರ್ಜಿ ಮೂರ್ಮೂರು ಸಲ ಬರ್ಸ್ತೀರ. ಒಂದ್ಸಲ ಅಕ್ಷರ ಸೊಟ್ಟ ಅಂತೀರ, ಒಂದ್ಸಲ ಶಾಯಿ ಬಣ್ಣ ಸರಿಯಿಲ್ಲ ಅಂತೀರ. ಅರ್ಜಿ ಬರ್ಯೋದ್ರಲ್ಲೇ ನನ್ ರಜೆ ಮುಗ್ದೋಗುತ್ತೆ!"

ನಾನು ಕಾಗದದಲ್ಲಿ ಬರೆದುಕೊಂಡು, "ಮಮತ್, ಶೆರ್ಗಾಜಿಗೆ ದೊಡ್ಡ ತುಂಡು!" ಎಂದು ಕೂಗಿದೆ.

ಅಷ್ಟೇ, ಕಟ್ಟೆ ಒಡೆಯಿತು. ಬಾಗಿಲು ಬಡಿದರೆ ಒಳಗಿನಿಂದಲೇ 'ಇಲ್ಲ' ಎನ್ನುತ್ತೇನಂತೆ. ಹೆಂಗಸರ ವಯಸ್ಸನ್ನು ಎಲ್ಲರೆದುರು ಹೇಳುತ್ತೇನಂತೆ. ಫೋನಿನಲ್ಲಿ ನಾನು ಮಾತಾಡಿದರೆ ಹಸುಗಳು ಹಾಲು ಕೊಡುವುದನ್ನು ನಿಲ್ಲಿಸುತ್ತವಂತೆ. ಚಾ ಕುಡಿಯುತ್ತಿದ್ದ ಎಸೆಂಗುಲ್ ಬಾಯ್ಕೆ ತಡೆಯಲಾರದೆ ಮತ್ತೆ ಎದ್ದು ತೊಂಬತ್ತೆಂಟನೇ ಇಸವಿಯದನ್ನು ತಾನೇ ಹೊರಗೆ ತೆಗೆದ. ತಾನು ಅಂದು ಕುಡಿದಿರಲಿಲ್ಲ, ಹಲ್ಲುನೋವಿಗೆ ಬಾಯಲ್ಲಿ ವೋಡ್ಕಾ ಇಟ್ಟುಕೊಂಡಿದ್ದೆ ಅಷ್ಟೆ, ಕೇಳುವ ಸಹನೆ ನಿನಗಿರಲಿಲ್ಲ ಎಂದ. ಮಮತ್ ಸೌಟು ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡು, "ನಾನೂ ಒಂದೆರಡು ಹೇಳ್ಲಾ?" ಎಂದ.

"ನೀನು ಕಾರ್ಖಾನೆಯವನಲ್ಲ! ಒಳಗ್ಹೋಗು!"

ಮೂರು ಬೇಕಿತ್ತು, ಹತ್ತೊಂಬತ್ತು ಬಂದವು. ಒಳಗೊಳಗೆ ಉರಿಯುತ್ತಿದ್ದರೂ ಸಮಾಧಾನವೂ ಇತ್ತು. ರಜೆ ಅರ್ಜಿ, ಬಾಗಿಲು, ಫೋನು. ಇವೆಲ್ಲ ಮಾಲೀಕ ಓದಿದರೂ ನಕ್ಕು ಬಿಡುವಂಥವು, ಕುರ್ಚಿಗೆ ಏನೂ ಆಗುವುದಿಲ್ಲ.

ಕೊನೆಗೆ ಉಳಿದವಳು ಸಾಲ್ಕಿನ್, ಪ್ರಯೋಗಾಲಯದಲ್ಲಿ ಹಾಲು ಪರೀಕ್ಷಿಸುವವಳು. ಮೂವತ್ನಾಲ್ಕು ವರ್ಷ, ಎಲ್ಲರಿಗಿಂತ ಕಿರಿಯಳಾದ್ದರಿಂದ ಬಾಗಿಲ ಪಕ್ಕ ಕೂತು ಎಲ್ಲರಿಗೂ ಚಾ ಬಗ್ಗಿಸುತ್ತಿದ್ದಳು. ಕೆಟಲು ಕೆಳಗಿಟ್ಟು ಎದ್ದಳು. ದನಿ ಸಣ್ಣದು.

"ಎಜೆ, ಎಂಟು ವರ್ಷದಿಂದ ಪ್ರತಿ ಸೆಪ್ಟೆಂಬರ್‌ನಲ್ಲಿ ನಿಮಗೊಂದು ಅರ್ಜಿ ಕೊಡ್ತಿದೀನಿ. ನಂಗೆ ಸಿಬ್ಬಂದಿ ಕೆಲ್ಸ ಕಲೀಬೇಕು, ತರಬೇತಿಗೆ ಕಳ್ಸಿ ಅಂತ. ಮೊದಲ್ನೇ ವರ್ಷ 'ಹಾಲು ನೋಡೋಳಿಗೆ ಅದ್ಯಾಕೆ' ಅಂದ್ರಿ. ಎರಡ್ನೇ ವರ್ಷ 'ಮಗು ಚಿಕ್ಕದು' ಅಂದ್ರಿ. ಆಮೇಲೆ ಏನೂ ಅನ್ಲಿಲ್ಲ, ಇಸ್ಕೊಂಡು ಬೀರೂಲಿ ಇಟ್ರಿ. ಈ ವರ್ಷ ನೀವು ಕಲಿಯೋಕೆ ಕೂತ್ರಿ. ದಿನಾ ನಗ್ತಾ ಹೊರಗೆ ಬರ್ತಿದ್ರಿ." ಕೆಳಗಿದ್ದ ಕೆಟಲಿನ ಕಡೆ ನೋಡಿ, "ನಂಗೂ ಹಂಗೆ ನಗ್ಬೇಕು ಅನ್ಸ್ತಿತ್ತು. ಅಷ್ಟೇ ಎಜೆ," ಎಂದು ಕೂತುಬಿಟ್ಟಳು.

ಇದನ್ನು ಬರೆದುಕೊಳ್ಳಲು ಪೆನ್ನು ಎತ್ತಿದೆ, ಬರೆಯಲಾಗಲಿಲ್ಲ. ನನಗೆ ನಾಚಿಕೆಯಾಯಿತು. ಆ ಎಂಟು ಅರ್ಜಿಗಳು ಬೀರುವಿನ ಯಾವ ಅರೆಯಲ್ಲಿ, ಯಾವ ಕಡತದ ಕೆಳಗಿವೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಯಾಕೆ ಅಲ್ಲಿಟ್ಟೆ ಎಂಬುದೂ ಗೊತ್ತಿತ್ತು. ಸಿಬ್ಬಂದಿ ವಿಭಾಗದಲ್ಲಿ ಇರುವುದು ಒಂದೇ ಕುರ್ಚಿ. ಅದರಲ್ಲಿ ಕೂರಲು ಕಲಿತ ಇನ್ನೊಬ್ಬಳು ಕಾರ್ಖಾನೆಯಲ್ಲಿ ಇರುವುದೇ ಬೇಡ ಎಂದುಕೊಂಡಿದ್ದೆ.

ಮಮತ್ ದೊಡ್ಡ ತಟ್ಟೆ ತಂದಿಟ್ಟ. ಯಾವ ಮೂಳೆ ಯಾರಿಗೆ ಎಂಬುದು ನಮ್ಮಲ್ಲಿ ವಯಸ್ಸಿನ ಪ್ರಕಾರ ಮೊದಲೇ ತೀರ್ಮಾನವಾಗಿರುತ್ತದೆ. ಬಾಲದ ಬುಡದ ಕೊಬ್ಬಿನ ತುಂಡು ಅಲ್ಲಿರುವ ಹಿರಿಯ ಹೆಂಗಸಿಗೆ, ಅಂದರೆ ನನಗೆ. ನಾನು ಅದನ್ನೆತ್ತಿ ಬಾಗಿಲ ಕಡೆ ಹೋಗಿ ಸಾಲ್ಕಿನ್‌ಳ ತಟ್ಟೆಗೆ ಹಾಕಿದೆ.

"ಎಜೆ, ಇದು ನಂದಲ್ಲ," ಎಂದು ಅವಳು ಗಾಬರಿಯಾದಳು.

"ವಯಸ್ಸಿನ ಲೆಕ್ಕ ಮರ್ತೋಯ್ತೇನೇ?" ಎಂದ ಎಸೆಂಗುಲ್ ಬಾಯ್ಕೆ.

"ಅದನ್ನ ಇಪ್ಪತ್ತೊಂದನೇ ಕೊರತೆ ಅಂತ ಬರ್ಕೋ ಬಾಯ್ಕೆ. ತಿನ್ನು ಹುಡುಗಿ, ಆರೋಗುತ್ತೆ."

ಎಲ್ಲರೂ ಊಟವಾದ ಮೇಲೆ ತಮ್ಮ ತಮ್ಮ ಫೋನಿನಲ್ಲಿ ಹೊಸ ನಮೂನೆ ತುಂಬಿ ಕಳಿಸಿದರು. ಸೋಮವಾರ ನಾನು ಯೋಜನೆ ಬರೆಯಲು ಕೂತೆ. ರಜೆ ಅರ್ಜಿ, ಬಾಗಿಲು, ಫೋನು ಎಂದು ಬರೆದೂ ಬಿಟ್ಟಿದ್ದೆ. ಒಪ್ಪಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ ಬೀರುವಿನ ಕಡೆ ಕಣ್ಣು ಹೋಯಿತು. ಫೋನನ್ನು ಅಳಿಸಿದೆ. ಆ ಜಾಗದಲ್ಲಿ, 'ನನ್ನ ಕುರ್ಚಿಗೆ ಹೆದರಿ ಪ್ರಯೋಗಾಲಯದ ಸಾಲ್ಕಿನ್‌ಳ ಕಲಿಕೆಗೆ ಎಂಟು ವರ್ಷ ಬೀಗ ಹಾಕಿದೆ. ಪರಿಹಾರ: ಈ ಸೆಪ್ಟೆಂಬರ್‌ಗೆ ಅವಳನ್ನು ಇದೇ ತರಬೇತಿಗೆ ಕಳಿಸುವುದು' ಎಂದು ಬರೆದು, ಮನಸ್ಸು ಬದಲಾಗುವ ಮೊದಲೇ ಗುಂಡಿ ಒತ್ತಿದೆ.

ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಪ್ರಮಾಣಪತ್ರ ಬಂತು. ಮಾಲೀಕನಿಂದಲೂ ಎರಡು ಸಾಲು ಬಂತು: ಸಾಲ್ಕಿನ್ ಕಲಿಯಲಿ, ನಿಮ್ಮ ಪಿಂಚಣಿಯವರೆಗೆ ಇಬ್ಬರೂ ಕೂಡಿ ಕೆಲಸ ಮಾಡಿ. ಈಗ ನನ್ನ ಕೋಣೆಯಲ್ಲಿ ಎರಡು ಕುರ್ಚಿ. ಬಂದ ವಾರದಲ್ಲೇ ಅವಳು ನನ್ನನ್ನು ಕೇಳದೆ ಬೀರುವನ್ನು ಕಿಟಕಿಯ ಕಡೆಗೆ ಸರಿಸಿದಳು. ಬಾಗಿಲು ಬಡಿದರೆ 'ಬನ್ನಿ' ಅನ್ನುತ್ತಾಳೆ, ಜನ ಬಂದೇ ಬಿಡುತ್ತಾರೆ. ಕೆಲಸ ಸಾಗುವುದಾದರೂ ಹೇಗೆ?

ಜನವರಿಯಲ್ಲಿ ಅವಳ ಕೊನೆಯ ಮನೆಗೆಲಸದ ನಮೂನೆ ನನಗೂ ಬಂತು. ಹೆಸರು ಹಾಕಬಾರದು ಎಂದಿತ್ತು, ಹಾಕಿದೆ. ಅಂಕ ಕೊಟ್ಟೆ, ಎಲ್ಲದಕ್ಕೂ ಹತ್ತಲ್ಲ, ಬೀರು ಸರಿಸಿದ್ದಕ್ಕೆ ಒಂದು ಕಡೆ ಆರು. ಕೊರತೆ ಅನ್ನುವ ಕಡೆ ಬಹಳ ಹೊತ್ತು ಯೋಚಿಸಿ, 'ಎಂಟು ವರ್ಷ ತೀರಾ ಮೆಲ್ಲಗೆ ಕೇಳಿದಳು' ಎಂದು ಬರೆದೆ. ಓದಿ ನೋಡಿದೆ. ಅದು ಅವಳ ಕೊರತೆಯಲ್ಲ ಎನಿಸಿತು. ಆ ಸಾಲು ಹೊಡೆದುಹಾಕಿ, 'ಇಲ್ಲ' ಎಂದು ಬರೆದು ಕಳಿಸಿದೆ.

ಮಾರನೆಯ ದಿನ ಮೀರಿಮ್ ಪರದೆಯ ಮೇಲೆ ಬಂದಳು, ಮುಖ ಸಪ್ಪಗಿತ್ತು.