ಬಾಗಿಲ ಪಕ್ಕದ ಕುರ್ಚಿ

ಮ್ಯಾರಥಾನಿಗೆ ಇನ್ನೊಂದೇ ವಾರ ಇತ್ತು. ಆ ವಾರ ಹಲ್ಲಕ್ಕನಿಗೆ ಕೋಚು ಕೊಟ್ಟ ಅಪ್ಪಣೆ, ಹೆಚ್ಚು ಓಡಬೇಡ ಎಂಬುದು.

ಹಲ್ಲಕ್ಕ ಎನ್ನುವುದು ಅವಳ ಹೆಸರಲ್ಲ. ಕಟ್ಟು ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಮೇಣ, ಪ್ಲಾಸ್ಟರು, ಅಚ್ಚುಗಳ ನಡುವೆ ಕೂತು ಊರ ಮುದುಕರ ನಗುವನ್ನೆಲ್ಲ ಮತ್ತೆ ಜೋಡಿಸಿಕೊಡುತ್ತಿದ್ದುದರಿಂದ ಬೀದಿಯವರು ಪ್ರೀತಿಯಿಂದ ಹಾಗೆ ಕರೆದು, ಕೊನೆಗೆ ಅದೇ ಗಟ್ಟಿಯಾಯಿತು. ಕೋಚು ಎಂದರೂ ಯಾರೋ ದೊಡ್ಡ ತರಬೇತುದಾರನಲ್ಲ. ಬೀದಿ ಕೊನೆಯ ಕಟಿಂಗ್ ಅಂಗಡಿಯವನು. ತಾನೂ ಓಡುತ್ತಿದ್ದ, ಓಡುವವರನ್ನು ಗದರಿಸುತ್ತಲೂ ಇದ್ದ.

"ಈ ವಾರ ಕಾಲಿಗೆ ರಜ," ಎಂದ ಅವನು, ಗಿರಾಕಿಯೊಬ್ಬನ ಕಿವಿಯ ಹಿಂದೆ ಕತ್ತರಿ ಆಡಿಸುತ್ತಲೇ. "ಗುರುವಾರದ ತನಕ ಬೆಳಿಗ್ಗೆ ಸುಮ್ನೆ ಒಂದು ಸುತ್ತು. ಆಮೇಲೆ ಎರಡು ದಿನ ಅದೂ ಇಲ್ಲ. ನೋಡಕ್ಕಾ, ಕಟಿಂಗ್ ಚೆನ್ನಾಗಿ ಆದ್ಮೇಲೂ ಇನ್ನೊಂಚೂರು, ಇನ್ನೊಂಚೂರು ಅಂತ ಕತ್ತರಿ ಹಾಕ್ತಾ ಹೋದ್ರೆ ಏನಾಗುತ್ತೆ?"

ಕನ್ನಡಿಯಲ್ಲಿದ್ದ ಗಿರಾಕಿ ಗಾಬರಿಯಿಂದ ತನ್ನ ತಲೆ ನೋಡಿಕೊಂಡ.

ನಿಜ ಹೇಳಬೇಕೆಂದರೆ ಹಲ್ಲಕ್ಕನ ತಲೆನೋವು ಓಟದ್ದಾಗಿರಲಿಲ್ಲ. ಗಂಡ ಲಾರಿ ಓಡಿಸುವವನು, ದೂರದ ಲೋಡು ಹಿಡಿದು ಹೋದವನು ಮುಂದಿನ ಸೋಮವಾರಕ್ಕೆ ಮುಂಚೆ ಬರುವಂತಿರಲಿಲ್ಲ. ಭಾನುವಾರ ಬೆಳಕು ಹರಿಯುವ ಮುನ್ನ ಮನೆ ಬಿಟ್ಟರೆ ಅವಳು ತಿರುಗಿ ಬರುವುದು ಮಧ್ಯಾಹ್ನ. ಅಲ್ಲಿಯ ತನಕ ಮಗಳು ಪುಟ್ಟಿಯನ್ನು ನೋಡಿಕೊಳ್ಳುವವರು ಯಾರು? ಮನೆಯಲ್ಲಿ ಇದ್ದವರು ಮಾವ ಒಬ್ಬರೇ. ಅವರನ್ನು ಕೇಳಬೇಕು. ಕೇಳದಿದ್ದರೆ ಚಳಿ ಬಿಸಿಲೆನ್ನದೆ ಓಡಿದ್ದೆಲ್ಲ ಮಣ್ಣುಪಾಲು. ಆದರೆ ಕೇಳುವುದು ಹೇಗೆ?

ಮಾವ ಏಳು ಮಹಡಿಯ ಆಫೀಸೊಂದರಲ್ಲಿ ಲಿಫ್ಟ್ ನಡೆಸಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಶರ್ಟು, ಕುತ್ತಿಗೆಯ ತನಕ ಗುಂಡಿ, ಬಾಚಿದ ತಲೆ. ಇಷ್ಟಿಲ್ಲದೆ ಅವರು ಕಸ ಹಾಕಲೂ ಹೊರಗೆ ಕಾಲಿಡುವವರಲ್ಲ. ಒಂದು ಕಾಲದಲ್ಲಿ ಅವರ ಮಾತೆಂದರೆ ಮಾತು. ಕೆಳಗಿನಿಂದ ಏಳನೇ ಮಹಡಿ ಸೇರುವುದರೊಳಗೆ ಒಂದು ಕಥೆ ಮುಗಿಸುತ್ತಿದ್ದರಂತೆ, ಮುಗಿಯದಿದ್ದರೆ ಜನ ಇಳಿಯದೆ ಮತ್ತೆ ಕೆಳಗೆ ಬರುತ್ತಿದ್ದರಂತೆ. ಹೋದ ವರ್ಷ ಅತ್ತೆ ತೀರಿಕೊಂಡ ಮೇಲೆ ಮಗನ ಮನೆಗೆ ಬಂದರು. ಬಂದವರು ಬಾಯಿಗೆ ಬೀಗ ಹಾಕಿಕೊಂಡೇ ಬಂದರು.

ಹಗಲಿನಲ್ಲಿ ಹೇಗೋ ನಾಲ್ಕು ಮಾತು. ಬೆಳಿಗ್ಗೆಯಂತೂ ಒಂದಕ್ಷರ ಇಲ್ಲ. ಅವಳು ಶೂ ಕಟ್ಟಿಕೊಂಡು ಕತ್ತಲಲ್ಲೇ ಹೊರಡುವ ಹೊತ್ತಿಗೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಮಾವ ಕೂತಿರುತ್ತಿದ್ದರು. ಅವಳನ್ನು ಕಂಡ ಕೂಡಲೇ ತುಟಿ ಬಿಗಿದುಕೊಂಡು ಮುಖವನ್ನು ಗೋಡೆಯ ಕಡೆ ತಿರುಗಿಸಿಬಿಡುತ್ತಿದ್ದರು. ಬೆವರಿಳಿಸಿಕೊಂಡು ವಾಪಸ್ ಬಂದರೆ ಅದೇ ಕುರ್ಚಿ, ಅದೇ ಬಿಗಿದ ತುಟಿ. ಅಡಿಯಿಂದ ಮುಡಿಯ ತನಕ ಒಮ್ಮೆ ನೋಡಿ, ಹ್ಞೂಂ ಎಂದು ಒಳಗೆ ಹೋಗುತ್ತಿದ್ದರು. ಊಟಕ್ಕೆ ಕೂತರೆ ರೊಟ್ಟಿಯ ಗಟ್ಟಿ ಅಂಚನ್ನೆಲ್ಲ ತಟ್ಟೆಯ ಬದಿಗೆ ತಳ್ಳುತ್ತಿದ್ದರು. ಇನ್ನೇನು ಬೇಕು? ಪ್ಯಾಂಟು ಹಾಕಿಕೊಂಡು ಬೀದಿ ಅಳೆಯುವ ಸೊಸೆ ಮಾವನಿಗೆ ಹಿಡಿಸಿಲ್ಲ, ಅವಳು ಮಾಡಿಟ್ಟ ಅಡುಗೆಯೂ ಹಿಡಿಸಿಲ್ಲ ಎಂದು ಹಲ್ಲಕ್ಕ ತೀರ್ಮಾನಿಸಿಬಿಟ್ಟಿದ್ದಳು.

ಆದರೂ ಸೋಮವಾರ ಧೈರ್ಯ ಮಾಡಿ ಕುರ್ಚಿಯ ಮುಂದೆ ನಿಂತಳು. "ಮಾವ," ಎಂದಳು. ಮುಖ ಗೋಡೆಗೆ ತಿರುಗಿತು. "ಫ್ಯಾನ್ ಹಾಕ್ಲಾ?" ಎಂದು ಕೇಳಿ ಹೊರಟುಹೋದಳು. ಮಂಗಳವಾರ ರಾತ್ರಿ ಊಟದ ಹೊತ್ತಿಗೆ ಇನ್ನೊಂದು ಹೆಜ್ಜೆ ಮುಂದಿಟ್ಟಳು.

"ಮಾವ, ಭಾನುವಾರ..."

ಮಾವ ಥಟ್ಟನೆ ತಲೆಯೆತ್ತಿದರು. ಅವಳು ಅಲ್ಲೇ ಮಾತು ತಿರುಗಿಸಿದಳು.

"ಭಾನುವಾರದ ಪೇಪರು ದಪ್ಪ ಇರುತ್ತಲ್ವಾ?"

ಮಾವ ಗಂಭೀರವಾಗಿ ಒಪ್ಪಿದರು.

ಗಂಡ ಫೋನಿನಲ್ಲಿ ನಕ್ಕ. "ನಮ್ಮಪ್ಪ ಏನು ಹುಲಿನಾ? ಕೇಳೇ."

"ನೀವೇ ಕೇಳಿ ಹಾಗಾದ್ರೆ."

"ನಾನು ಇಲ್ಲಿಂದ ಫೋನಲ್ಲಿ ಕೇಳೋದು, ನೀನು ಅಲ್ಲೇ ಪಕ್ಕದಲ್ಲಿ ಸುಮ್ನೆ ಇರೋದು. ಚೆನ್ನಾಗಿರುತ್ತಾ? ನೀನೇ ಕೇಳು."

ಬುಧವಾರ ಹೋಯಿತು, ಗುರುವಾರವೂ ಹೋಯಿತು. ಬೆಳಗಿನ ಸಣ್ಣ ಓಟದಲ್ಲಿ ಕಾಲು ಹಕ್ಕಿಯಷ್ಟು ಹಗುರಾಗಿತ್ತು, ಮನಸ್ಸು ಮಾತ್ರ ಕಲ್ಲು. ಗುರುವಾರ ಮಲಗುವಾಗ ಅವಳು ನಿರ್ಧರಿಸಿದಳು. ನಾಳೆ ಲ್ಯಾಬಿಗೆ ಹೋಗುವ ದಾರಿಯಲ್ಲಿ ಕಟಿಂಗ್ ಅಂಗಡಿಗೆ ಹೋಗಿ, ಓಟದ ದಿನ ಎದೆಗೆ ಚುಚ್ಚಿಕೊಳ್ಳುವ ನಂಬರಿನ ಚೀಟಿಯನ್ನು ಕೋಚಿನ ಕೈಗೆ ವಾಪಸ್ ಕೊಟ್ಟುಬಿಡುವುದು. ಅವನು ಬೈಯಲಿ. ಬೈಗುಳ ಕೇಳುವುದು ಸುಲಭ, ಮಾವನ ಮುಂದೆ ಬಾಯಿ ತೆರೆಯುವುದು ಕಷ್ಟ.

ಶುಕ್ರವಾರ ಓಟವಿರಲಿಲ್ಲ. ಆದರೆ ಅಭ್ಯಾಸ ಎಲ್ಲಿ ಬಿಡುತ್ತದೆ? ಎಂದಿನ ಹೊತ್ತಿಗೇ ಎಚ್ಚರವಾಯಿತು. ಬರಿಗಾಲಲ್ಲಿ, ಕೆದರಿದ ತಲೆಯಲ್ಲಿ ನೀರು ಕುಡಿಯಲು ಎದ್ದು ಬಂದಳು. ಕುರ್ಚಿಯಲ್ಲಿ ಮಾವ ಇದ್ದರು. ಕಾಲಿಗೆ ಶೂ, ತೊಡೆಯ ಮೇಲೆ ಟಾರ್ಚು. ಅವಳ ಬರಿಗಾಲು ಕಂಡದ್ದೇ ತಡ, ದಡಬಡಿಸಿ ಎದ್ದು ನಿಂತರು.

"ಯಾಕಮ್ಮಾ? ಹುಷಾರಿಲ್ವಾ? ಜ್ವರನಾ?"

ಮಾತೇನೋ ಅದೇ. ಆದರೆ ಅಕ್ಷರಗಳೆಲ್ಲ ಒಂದರ ಮೇಲೊಂದು ಜಾರಿ, ಗಾಳಿಯಲ್ಲಿ ಕಲಸಿಹೋಗಿ ಹೊರಬಂದವು. ಅಂದ ಮರುಕ್ಷಣ ಮಾವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು.

ಹಲ್ಲಕ್ಕ ನಿಂತಲ್ಲೇ ನಿಂತಳು. ಈ ಮಾತಿನ ಧಾಟಿ ಅವಳಿಗೆ ಗೊತ್ತಿಲ್ಲದ್ದೇ? ದಿನಬೆಳಗಾದರೆ ಲ್ಯಾಬಿಗೆ ಅಳತೆ ಕೊಡಲು ಬರುವವರೆಲ್ಲ ಹೀಗೇ ಮಾತಾಡುತ್ತಿದ್ದರು.

"ಮಾವ, ಹಲ್ಲೆಲ್ಲಿ?"

ಅವರು ಬಚ್ಚಲಿನ ಕಡೆ ಬೆರಳು ತೋರಿದರು. ಅಲ್ಲಿ ಗಾಜಿನ ಲೋಟದ ನೀರಲ್ಲಿ ಅವಳೇ ಕೈಯಾರೆ ಮಾಡಿಕೊಟ್ಟ ಸೆಟ್ಟು ತಣ್ಣಗೆ ಮಲಗಿತ್ತು. ಅತ್ತೆ ಇದ್ದಾಗ ಮಾಡಿದ್ದು ಅದು. ಲ್ಯಾಬಿನಲ್ಲಿ ಎಲ್ಲರೂ ಭೇಷ್ ಎಂದಿದ್ದ ಕೆಲಸ.

"ನೋಯುತ್ತಾ?"

ಮಾವ ಗೋಡೆಗೇ ಹೇಳಿದರು. "ನಿಮ್ಮತ್ತೆ ಹೋದ್ಮೇಲೆ ಯಾಕೋ ಸಡಿಲ ಆಯ್ತು. ಒತ್ತುತ್ತೆ. ಹಗಲೆಲ್ಲ ಹೇಗೋ ಹಾಕ್ಕೋತೀನಿ. ಬೆಳಿಗ್ಗೆ ಆಗಲ್ಲ."

ಸಂಕಟದಲ್ಲಿ ಮೈ ಇಳಿಯುತ್ತದೆ, ಮೈಯೊಂದಿಗೆ ವಸಡೂ ಇಳಿಯುತ್ತದೆ, ಅಳತೆಗೆ ಸರಿಯಾಗಿ ಕೂತ ಸೆಟ್ಟು ಆಗ ಸಡಿಲವಾಗಿ ಉಜ್ಜುತ್ತದೆ. ಇದನ್ನು ಅವಳು ಕಂಡಕಂಡವರಿಗೆಲ್ಲ ಬಿಡಿಸಿ ಹೇಳುತ್ತಿದ್ದಳು. ತನ್ನದೇ ಊಟದ ಮೇಜಿನಲ್ಲಿ ತಟ್ಟೆಯ ಬದಿಗೆ ಸರಿದ ರೊಟ್ಟಿಯ ಅಂಚನ್ನು ಮಾತ್ರ ತಿರಸ್ಕಾರವೆಂದುಕೊಂಡಿದ್ದಳು. ಅವಳಿಗೆ ತನ್ನ ಮೇಲೇ ಎಲ್ಲಿಲ್ಲದ ಕೋಪ ಬಂತು.

"ಒಂದು ಮಾತು ಹೇಳ್ಬಾರ್ದಾ ಮಾವ? ನಾನು ಮಾಡೋದೇ ಅದೇ ಕೆಲಸ ಅಲ್ವಾ?"

"ನೀನು ಅಷ್ಟು ಆಸೆಯಿಂದ ಮಾಡಿಕೊಟ್ಟಿದ್ದು. ಚೆನ್ನಾಗಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಮತ್ತೆ ದಿನಾ ಇಲ್ಲಿ ಯಾಕೆ ಕೂತಿರ್ತೀರಿ? ಈ ಟಾರ್ಚು?"

ಮಾವ ಮೆಲ್ಲಗೆ ಇತ್ತ ತಿರುಗಿದರು. ಕೈ ಮಾತ್ರ ಬಾಯಿಯ ಮೇಲೇ ಇತ್ತು. "ಮೇಲೆ ಹೋದೋರು ಕೆಳಗೆ ಬರೋ ತನಕ ನಾನು ಲಿಫ್ಟ್ ಬಿಟ್ಟು ಹೋದೋನಲ್ಲ. ನೀನು ತಡ ಮಾಡಿದ್ರೆ ಹುಡುಕಿಕೊಂಡು ಬರೋಣ ಅಂತ ಟಾರ್ಚು. ಹೊರಡುವಾಗ 'ಹೋಗಿ ಬಾರಮ್ಮಾ' ಅನ್ಬೇಕು ಅಂತ ದಿನಾ ಅಂದ್ಕೋತೀನಿ. ಈ ಬೊಚ್ಚುಬಾಯಲ್ಲಿ ಸೊಸೆ ಮುಂದೆ ಹೇಗೆ ಅನ್ನೋದು?"

ಅವಳಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ತಡೆಯಲು ಹೋಗಲಿಲ್ಲ. 

"ಮಾವ, ಭಾನುವಾರ..."

"ಪೇಪರು ದಪ್ಪ ಇರುತ್ತೆ, ಗೊತ್ತು," ಎಂದರು ಮಾವ. "ಪುಟ್ಟಿನ ನಾನು ನೋಡ್ಕೋತೀನಿ. ಓಟದ ವಿಷಯ ಅವಳು ನಂಗೆ ಯಾವತ್ತೋ ಹೇಳಿದಾಳೆ. ನೀನು ಕೇಳ್ತೀಯೇನೋ ಅಂತ ಸೋಮವಾರದಿಂದ ಕಾಯ್ತಾ ಇದೀನಿ."

ಅವತ್ತು ಅವಳು ಕಟಿಂಗ್ ಅಂಗಡಿಯ ಮುಂದೆ ಹಾದಳು, ನಿಲ್ಲಲಿಲ್ಲ. ಕೈಚೀಲದಲ್ಲಿ ನಂಬರಿನ ಪಕ್ಕದಲ್ಲೇ ಮಾವನ ಹಲ್ಲುಸೆಟ್ಟಿನ ಡಬ್ಬಿಯಿತ್ತು. ಲ್ಯಾಬಿನಲ್ಲಿ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು, ಸೆಟ್ಟಿನ ಒಳಗೆ ಮೆತ್ತನೆಯ ಪದರವೊಂದನ್ನು ಕೊಟ್ಟು, ಉಜ್ಜುವ ಜಾಗವನ್ನು ನಯ ಮಾಡಿದಳು. ಸಂಜೆ ತಾನೇ ಮಾವನ ಬಾಯಿಗೆ ಕೂರಿಸಿದಳು.

"ಇದು ಸದ್ಯಕ್ಕೆ ಮಾತ್ರ. ಮುಂದಿನ ವಾರ ಹೊಸ ಅಳತೆ ತಗೊಂಡು ಹೊಸದೇ ಮಾಡ್ತೀನಿ. ಅಲ್ಲೀ ತನಕ ತಿನ್ನಿ, ಮಾತಾಡಿ, ನಗಿ. ಜೋರಾಗಿ ಕೂಗ್ಬೇಡಿ ಅಷ್ಟೇ, ಜಾರಿಬಿಡುತ್ತೆ."

"ನಾನ್ಯಾಕಮ್ಮ ಕೂಗ್ಲಿ?" ಎಂದರು ಮಾವ, ರೊಟ್ಟಿಯ ಅಂಚನ್ನು ಕಟಕಟ ಕಡಿಯುತ್ತ. ಶನಿವಾರ ಇಡೀ ದಿನ ಹಲ್ಲಕ್ಕ ಕಾಲು ಚಾಚಿ ಕೂತಳು, ಮಾವ ಪುಟ್ಟಿಗೆ ಒಂದೊಂದು ಮಹಡಿಯ ಕಥೆ ಹೇಳಿದರು.

ಭಾನುವಾರ ಅರ್ಧ ದಾರಿಯ ತನಕ ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೂ ಪರವಾಗಿರಲಿಲ್ಲ. ಉದ್ದನೆಯ ಮೇಲ್ಸೇತುವೆ ಇಳಿಯುವಲ್ಲಿ ಬಿಸಿಲು ನೆತ್ತಿಗೇರಿ, ತೊಡೆಯ ನರ ಹಿಡಿದು, ಕಾಲು ಯಾರದ್ದೋ ಸೀಸದ ಕಾಲಿನಂತಾಯಿತು. ಹಲ್ಲು ಕಚ್ಚಿಕೊಂಡು ಒಂದಷ್ಟು ದೂರ ಓಡಿದಳು. ಓಟ ನಡಿಗೆಯಾಯಿತು. ನಡಿಗೆಯೂ ನಿಂತಿತು. ರಸ್ತೆ ಬದಿಯ ಕಟ್ಟೆಯ ಮೇಲೆ ಒಂದು ನಿಮಿಷ ಕೂರೋಣ ಎಂದುಕೊಂಡಳು. ಕೂತರೆ ಏಳುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಬಗ್ಗಿ ಕಟ್ಟೆಗೆ ಕೈ ಊರಿದಳು.

ಆಗ ಕೇಳಿಸಿತು. ಯಾವ ಧ್ವನಿವರ್ಧಕಕ್ಕೂ ಕಡಿಮೆಯಿಲ್ಲದ, ಗಾಳಿ ಗಾಳಿಯಾದ ಒಂದು ಕೂಗು.

ತಲೆಯೆತ್ತಿದಳು. ರಸ್ತೆಯಾಚೆ ಜನರ ಮುಂದೆ ಮಾವ ನಿಂತಿದ್ದರು. ಇಸ್ತ್ರಿ ಮಾಡಿದ ಶರ್ಟು, ಕುತ್ತಿಗೆಯ ತನಕ ಗುಂಡಿ. ಎಡಗೈಯಲ್ಲಿ ಪುಟ್ಟಿಯ ಕೈ. ಮೇಲೆತ್ತಿದ ಬಲಗೈಯ ಮುಷ್ಟಿಯಲ್ಲಿ ಏನೋ ಹೊಳೆಯಿತು.

"ಅಮ್ಮಾ, ಕೂಗಕ್ಕೆ ಅಂತ ತಾತ ಹಲ್ಲೇ ತೆಗೆದುಬಿಟ್ರು!" ಎಂದು ಪುಟ್ಟಿ ಕಿರುಚಿದಳು.

ಸುತ್ತ ನಿಂತವರು ತಿರುಗಿ ನೋಡಿದರು, ಕೆಲವರು ನಕ್ಕರು. ಮಾವ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಬೊಚ್ಚುಬಾಯಿಯನ್ನು ಊರಿಗೆಲ್ಲ ಕಾಣುವಂತೆ ಅಗಲಿಸಿ, ಇಷ್ಟು ದಿನ ಬೆಳಿಗ್ಗೆ ಬೆಳಿಗ್ಗೆ ನುಂಗಿಕೊಂಡದ್ದನ್ನೆಲ್ಲ ಒಟ್ಟಿಗೆ ಕೂಗಿದರು.

"ಹೋಗಿ ಬಾರಮ್ಮಾ! ಹೋಗಿ ಬಾ!"

ಹಲ್ಲಕ್ಕ ಕಟ್ಟೆಯಿಂದ ಕೈ ತೆಗೆದಳು.

"ಬರ್ತೀನಿ ಮಾವ!" ಎಂದು ಕೂಗಿ ಓಡಿದಳು.