ಪುಗಸಟ್ಟೆ ಸುಣ್ಣ

ಪೀಣ್ಯದ ಆ ಆಯಿಲ್ ಫ್ಯಾಕ್ಟರಿಯಲ್ಲಿ ಹೊಸ ಎಣ್ಣೆ ಹುಟ್ಟುತ್ತಿರಲಿಲ್ಲ. ಲಾರಿ, ಬಸ್ಸು, ಲೇತ್ ಮಿಷನ್ನುಗಳು ಕುಡಿದು ಕಕ್ಕಿದ ಸುಟ್ಟ ಆಯಿಲನ್ನು ಬ್ಯಾರಲ್ಲುಗಳಲ್ಲಿ ತಂದು, ಆಸಿಡ್ ಹಾಕಿ ತೊಳೆದು, ಮತ್ತೆ ಹೊಂಬಣ್ಣ ಬರಿಸಿ ಡಬ್ಬಿಗೆ ತುಂಬುತ್ತಿದ್ದರು. ಎಣ್ಣೆ ಹೊಳೆಯಬೇಕಾದರೆ ಅದರ ಪಾಪವನ್ನು ಯಾರಾದರೂ ಹೊರಬೇಕಲ್ಲ, ನೀರು ಹೊರುತ್ತಿತ್ತು. ಸೀಸ, ಸತು, ಕ್ರೋಮಿಯಂ ತುಂಬಿಕೊಂಡ ಆ ಕರೀ ನೀರು ಹಿಂದಿನ ಗೋಡೆಯ ತೂತಿನಿಂದ ಚೊಕ್ಕನಪಾಳ್ಯದ ಕಾಲೋನಿಯತ್ತ ಇಳಿಯುತ್ತಿತ್ತು. ಇಳಿಜಾರು ಯಾವಾಗಲೂ ಕಾಲೋನಿಯ ಕಡೆಗೇ ಇರುತ್ತದೆ. ಈ ದೇಶದಲ್ಲಿ ನೀರಿಗೂ ಜಾತಿಯ ದಾರಿ ಗೊತ್ತು.

ತೊಂಬತ್ತೈದರಲ್ಲಿ ಕಾಲೋನಿಯ ಹೆಂಗಸರು ಪೊರಕೆ ಹಿಡಿದು ಗೇಟಿನ ಮುಂದೆ ಕೂತರು. ನೋಟೀಸು ಬಂತು. ಓನರ್ ಗೊಣಗಿಕೊಂಡೇ ಹಿತ್ತಲಲ್ಲಿ ತೊಟ್ಟಿಗಳನ್ನು ಕಟ್ಟಿಸಿ, ನೀರು ಶುದ್ಧ ಮಾಡಲು ಅಮರೇಶ್ ಎಂಬ ಕೆಮಿಸ್ಟನನ್ನು ನೇಮಿಸಿದ. ಸಿಂಧನೂರು ಕಡೆಯವನು, ಕೊರಳಲ್ಲಿ ಲಿಂಗ, ಮಲ್ಲೇಶ್ವರದಲ್ಲಿ ಅಪಾರ್ಟ್‌ಮೆಂಟು. ಅವನ ಕೈಕೆಳಗೆ ಕಾಲೋನಿಯ ಸಿದ್ದರಾಜು. ಧರಣಿ ಕೂತವರ ಮನೆಯ ಗಂಡಸಿಗೇ ಕೆಲಸ ಕೊಟ್ಟರೆ ಬಾಯಿ ಮುಚ್ಚುತ್ತದೆಂಬುದು ಓನರನ ಲೆಕ್ಕ.

ಕರೀ ನೀರಿಗೆ ಸುಣ್ಣದ ಹಾಲು ಬಿಟ್ಟು ಕಲಕಿದರೆ, ಅದರೊಳಗಿನ ಲೋಹ ಹಾಲೊಡೆದ ಹಾಗೆ ಗರಣೆಗಟ್ಟಿ ತಳಕ್ಕೆ ಕೂರುತ್ತದೆ. ಮೇಲೆ ತಿಳಿ ನಿಲ್ಲುತ್ತದೆ. ಮೊದಲ ಸಲ ಹಾಗೆ ತಿಳಿ ನಿಂತಾಗ ಸಿದ್ದರಾಜು ತೊಟ್ಟಿಯೊಳಗೆ ಬಗ್ಗಿ ತನ್ನ ಮುಖ ನೋಡಿಕೊಂಡಿದ್ದ.

"ಸಾರ್, ಇದೇನ್ ಸಾರ್, ಜಾದೂನಾ?"

"ಜಾದೂ ಅಲ್ಲೋ, ಸುಣ್ಣ ಐತಿ. ಸುಣ್ಣದ ಮುಂದ ಯಾವ ವಿಷಾನೂ ನಿಲ್ಲಂಗಿಲ್ಲ" ಎಂದ ಅಮರೇಶ್. ಅವನಿಗೂ ಹೆಮ್ಮೆಯಿತ್ತು.

ತಳಕ್ಕೆ ಕೂತದ್ದನ್ನು ಮರಳಿನ ಮೇಲೆ ಹರವಿ ಒಣಗಿಸುತ್ತಿದ್ದರು. ಬೂದು ಬಿಳಿಯ ಹೆಂಟೆಗಳಾಗುತ್ತಿತ್ತು. ಅದಕ್ಕೆ ಸ್ಲಡ್ಜ್ ಎಂದು ಹೆಸರು, ಆದರೆ ಹೆಲ್ಪರುಗಳ ನಾಲಿಗೆಗೆ ಆ ಮಾತು ಹತ್ತಲಿಲ್ಲ. ಅಮರೇಶನೇ ಸುಲಭ ಮಾಡಿಕೊಂಡ: "ಸುಣ್ಣ ಎತ್ರಿ. ಸುಣ್ಣ ಒಣಗೇತೇನು ನೋಡ್ರಿ." ಎಲ್ಲರ ಬಾಯಲ್ಲೂ ಅದು ಸುಣ್ಣವೇ ಆಯಿತು.

ಹೆಂಟೆಗಳ ಗುಡ್ಡೆ ಕಾಂಪೌಂಡಿಗೂ ಮೇಲಾಯಿತು. ಇದನ್ನು ಎಲ್ಲಿಗೆ ಹಾಕುವುದು ಎಂದು ಅಮರೇಶ್ ಕೇಳಿದಾಗ ಓನರ್ ನಕ್ಕ.

"ನೀರು ಕ್ಲೀನ್ ಮಾಡಿ ಅಂದ್ರು, ಮಾಡಿದ್ವಿ. ಇದನ್ನ ಎಲ್ಲಿಗೆ ಹಾಕ್ಬೇಕು ಅಂತ ಯಾವನೂ ಹೇಳಿಲ್ವಲ್ರೀ! ಸುಣ್ಣ ತಾನೇ? ಬೇಕಾದೋರು ತಗೊಂಡ್ ಹೋಗ್ಲಿ, ಪುಗಸಟ್ಟೆ."

ಹಳ್ಳಕ್ಕೋ ತಗ್ಗಿಗೋ ತುಂಬಿಕೊಳ್ಳುತ್ತಾರೆ ಎಂದುಕೊಂಡ ಅಮರೇಶ್. ಹಾಗೆಂದುಕೊಳ್ಳುವುದು ಅನುಕೂಲವಾಗಿತ್ತು. ಗುಡ್ಡೆ ಕರಗಿತು.

ಕಾಲೋನಿಗೊಂದು ಬಾವಿಯಿದೆ. ಊರಬಾವಿಯ ಹಗ್ಗ ಮುಟ್ಟಿದ್ದಕ್ಕೆ ಹೊಡೆಸಿಕೊಂಡ ವರ್ಷ ಸಿದ್ದರಾಜುವಿನ ಅಪ್ಪ ಮತ್ತು ಅವನ ಓರಗೆಯವರು ಹಟ ಹಿಡಿದು ತೋಡಿದ ಬಾವಿ. ಅಪ್ಪ ಹೋದ ಮೇಲೆ ಅವ್ವ ಚಿಕ್ಕಮುನಿಯಮ್ಮನಿಗೆ ಅದು ಗಂಡನ ಗುರುತು. ಫ್ಯಾಕ್ಟರಿ ಬಂದ ಮೇಲೆ ಆ ನೀರಿಗೆ ಎಣ್ಣೆ ವಾಸನೆ ಹತ್ತಿ, ಕುಡಿಯುವ ನೀರಿಗೆ ಟಿ. ದಾಸರಹಳ್ಳಿಯ ನಲ್ಲಿಗೆ ಹೋಗಿ ಬೈಸಿಕೊಂಡು ಹೊತ್ತು ತರಬೇಕಾಗಿತ್ತು. ಬಾವಿ ಕದಡಿದರೆ ಸುಣ್ಣ ಬಿಡುವುದು ಹಿಂದಿನಿಂದ ಬಂದ ಪದ್ಧತಿ. ಅಷ್ಟು ಕರೀ ನೀರನ್ನೇ ತಿಳಿ ಮಾಡಿದ ಸುಣ್ಣ ನಮ್ಮ ಬಾವಿಯನ್ನು ಮಾಡದೇ ಇರುತ್ತದೆಯೇ? ಸಿದ್ದರಾಜು ಸಿಮೆಂಟ್ ಚೀಲಗಳಲ್ಲಿ ಹೆಂಟೆ ತುಂಬಿ ಸೈಕಲ್ ಮೇಲೆ ಹೇರಿಕೊಂಡು ತಂದ. ಪುಡಿ ಮಾಡಿ ಬಾವಿಗೆ ಸುರಿದರು. ನೀರು ನಿಜಕ್ಕೂ ತಿಳಿಯಾಯಿತು. ಕಾಲೋನಿಯ ಕೊಡಗಳು ಮತ್ತೆ ಮನೆ ಬಾಗಿಲ ಬಾವಿಗೇ ಇಳಿದವು. ಆಮೇಲೆ ಒಂದೆರಡು ಹದವಾದ ಮಳೆಯೂ ಬಿತ್ತು.

ಯುಗಾದಿಗೆ ಸಿದ್ದರಾಜು ಅಮರೇಶನನ್ನು ಊಟಕ್ಕೆ ಕರೆದ. ಅವನು ಬಂದ. ಚಾಪೆ ಹಾಸಿದರು. ಒಳಗಿಂದ ಒಬ್ಬಟ್ಟಿನ ಘಮ ಬರುತ್ತಿತ್ತು. ಸಿದ್ದರಾಜುವಿನ ಹೆಂಡತಿ ಪದ್ಮಾವತಿ ಫಳಫಳ ತೊಳೆದ ಚೊಂಬಿನಲ್ಲಿ ನೀರು ತಂದಿಟ್ಟಳು. ಅಮರೇಶ್ ಚೊಂಬೆತ್ತಿದ.

"ಕುಡೀರಪ್ಪ" ಎಂದಳು ಚಿಕ್ಕಮುನಿಯಮ್ಮ. "ನಮ್ಮ ಬಾವಿ ನೀರು. ನಿಮ್ ಸುಣ್ಣಾನೇ ಬಿಟ್ಟಿದ್ದು. ಎಳನೀರಂಗೆ ಅದೆ."

ಚೊಂಬು ಗಾಳಿಯಲ್ಲೇ ನಿಂತಿತು. ಅಮರೇಶನ ಕಣ್ಣು ಬಾಗಿಲಾಚೆಯ ಬಾವಿಕಟ್ಟೆಗೆ, ಅದರ ಮೇಲೆ ಒಣಗಲು ಹಾಕಿದ್ದ ಚೀಲಗಳಿಗೆ ಹೋಯಿತು. ಚೊಂಬನ್ನು ಮೆಲ್ಲಗೆ ಕೆಳಗಿಟ್ಟ.

"ಬ್ಯಾಡ್ರಿ ಯವ್ವಾ."

"ಯಾಕಪ್ಪಾ?"

ನಿಜ ಹೇಳಿದರೆ ಓನರ್, ಕೇಸು, ಕೆಲಸ. "ನಾ ಹೊರಗ... ನೀರು ಕುಡಿಯಂಗಿಲ್ರಿ."

ಆ ಮಾತಿಗೆ ಈ ಮನೆಯಲ್ಲಿ ಏನರ್ಥ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದ. ಮಳೆಯಲ್ಲಿ ಕೊಡೆ ಒದಗಿದ ಹಾಗೆ ಜಾತಿ ಅವನಿಗೆ ಒದಗಿ ಬಂತು. ತಲೆನೋವೆಂದು ಏನೇನೋ ತೊದಲಿ ಎದ್ದು ಹೊರಟ.

ಚಿಕ್ಕಮುನಿಯಮ್ಮ ಬಾಗಿಲಿಗೆ ಬಂದು ಅವನ ಬೆನ್ನಿಗೇ ಅಂದಳು: "ಕೊರಳಾಗೆ ಲಿಂಗ, ಒಟ್ಟೆಯಾಗೆ ಮೈಲಿಗೆ! ನಿಮ್ಮ ಫ್ಯಾಕ್ಟ್ರಿ ಉಚ್ಚೆ ಇಷ್ಟು ವರ್ಸ ನಮ್ಮ ಬಾವೀಗೆ ಬುಡುಸ್ಕೊಂಡ್ವಿ. ನಮ್ಮನೆ ನೀರು ನಿಮ್ಗೆ ಆಗಕ್ಕಿಲ್ವಾ?"

ಸಿದ್ದರಾಜು ಮಾತ್ರ ಚೊಂಬನ್ನೇ ನೋಡುತ್ತ ಕೂತಿದ್ದ. ಇದೇ ಅಮರೇಶ್ ಮೊನ್ನೆ ತಾನೇ ನನ್ನ ಡಬ್ಬಿಗೆ ಕೈ ಹಾಕಿ ಮುದ್ದೆ ಮುರಿದವನು. ಸೊಪ್ಪಿನ ಸಾರಿಗೆ ಬೆರಳು ಚೀಪಿದವನು. ಮುದ್ದೆಗಿಲ್ಲದ ಮೈಲಿಗೆ ನೀರಿಗೆ ಯಾಕೆ ಬಂತು? ಚೊಂಬು ಎತ್ತುವಾಗ ಅವನ ಮುಖ ಸರಿಯಾಗೇ ಇತ್ತು. ಅವ್ವ ಸುಣ್ಣ ಅಂದಳು. ಆಗ ಕೆಟ್ಟಿತು.

"ಪದ್ಮಾ!" ಎಂದು ಕಿರುಚಿದ. "ಪುಟ್ಟಿಗೆ ಆ ನೀರು ಕೊಡ್ಬೇಡ ಕಣೇ!"

ಒಳಗೆ ಮೂರು ವರ್ಷದ ಮಗಳು ಪುಟ್ಟಿ ಲೋಟ ಬರಿದು ಮಾಡಿ ತುಟಿ ಒರೆಸಿಕೊಳ್ಳುತ್ತಿದ್ದಳು.

ಹೊಸತೊಡಕು ಕಳೆದು ಫ್ಯಾಕ್ಟರಿ ತೆಗೆದ ಬೆಳಿಗ್ಗೆ ಚಿಕ್ಕಮುನಿಯಮ್ಮ ಅದೇ ಚೊಂಬಿನಲ್ಲಿ ನೀರು ಹಿಡಿದು ಗೇಟಿಗೆ ಬಂದಳು. ಹಿಂದೆ ಮಗ, ಕಾಲೋನಿಯ ಹೆಂಗಸರು. ಅಮರೇಶ್ ಸ್ಕೂಟರಿನಿಂದ ಇಳಿಯುತ್ತಿದ್ದ ಹಾಗೇ ಅಡ್ಡ ನಿಂತಳು.

"ಜಾತಿ ಅಂದ್ರೆ ಜಾತಿ ಅನ್ನು. ಉಗುದು ಒಂಟೋಯ್ತೀನಿ. ಅಲ್ಲ ಅಂದ್ರೆ ಕುಡಿ."

"ಯವ್ವಾ, ಒಳಗ ಬರ್ರಿ, ಮಾತಾಡೋಣ..."

"ಒಳಕ್ಕೆ ಯಾಕೆ? ಬಾಯಿ ಇಲ್ಲೇ ಅದಲ್ಲ. ಕುಡಿ."

ಅಮರೇಶ್ ನೆಲ ನೋಡಿದ. "ಅದು ಸುಣ್ಣ ಅಲ್ರಿ" ಎಂದ.

ಅವನೇ ಮುಂದುವರಿಸಿದ. "ನೀರಿನಾಗಿನ ಸೀಸ ಎಲ್ಲಾ ಸುಣ್ಣಕ್ಕ ಅಂಟಿ ತಳಕ್ಕ ಕುಂದರ್ತದ. ಆ ತಳದ್ದೇ ನೀವು ಒಯ್ದಿದ್ದು. ಸುಣ್ಣದ ಖಾರ ಇರೂತನ ಅಂಟ್ಕೊಂಡಿರ್ತದ. ಮಳಿ ನೀರು ಇಳದು ಖಾರ ಹೋದ್ರ ಸೀಸ ಮತ್ತ ನೀರಿಗೇ ಬಿಡ್ತದ್ರಿ."

"ಸುಣ್ಣ ಅಂತ ಹೇಳಿಕೊಟ್ಟೋರು ನೀವೇ ಸಾರ್" ಎಂದ ಸಿದ್ದರಾಜು. ಅವನ ದನಿ ಏರಲಿಲ್ಲ. "ನನ್ ಡಬ್ಬೀಲಿ ನೀವೂ ಉಂಡ್ರಿ."

"ಉಂಡೀನಿ."

"ಪುಟ್ಟಿ ಹೊಟ್ಟೆ ಹಿಡ್ಕೊಂಡು ಅಳ್ತದೆ ಸಾರ್, ಮಳೆ ಬಂದಾಗಿನಿಂದ. ಅದಕ್ಕೇನಾ?"

"ಇರಬಹುದು. ದೊಡ್ಡಾಸ್ಪತ್ರಿಗೆ ಕರಕೊಂಡ್ ಹೋಗ್ರಿ. ರಕ್ತ ನೋಡ್ಲಿ."

ಚಿಕ್ಕಮುನಿಯಮ್ಮ ಚೊಂಬನ್ನು ಅವನ ಕಾಲ ಬಳಿ ಇಟ್ಟಳು. "ನೀರಿಂದ ವಿಸ ತೆಗೆಯಾದು ಕಲ್ತೋನು ನೀನು. ತೆಗಿ. ನನ್ ಗಂಡ ತೋಡಿದ ಬಾವಿ ನಂಗೆ ಕೊಡು."

"ಬಾವಿ ಬತ್ತಿಸಿ, ತಳದ ಕೆಸರೆಲ್ಲಾ ಎತ್ತಬೇಕ್ರಿ. ಎತ್ತಿದ್ರೂ, ಮಣ್ಣಿನಾಗ ಇಳಿದಿದ್ದು..."

"ಎತ್ತಿ ಎಲ್ಲಿಗೆ ಆಕಾದು?"

ಇದೇ ಪ್ರಶ್ನೆಯನ್ನು ಅವನು ಓನರನಿಗೆ ಕೇಳಿದ್ದ. ಓನರ್ ಕೊಟ್ಟ ಉತ್ತರವನ್ನು ಈಗ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ.

"ಸರಿ ಬುಡು" ಎಂದಳು ಮುದುಕಿ. "ನಮಗೆ ಗೊತ್ತದೆ."

ಆವತ್ತೇ ಡೀಸೆಲ್ ಪಂಪು ತಂದು ಬಾವಿ ಬತ್ತಿಸಿದರು. ಹಗ್ಗ ಕಟ್ಟಿಕೊಂಡು ಸಿದ್ದರಾಜುವೇ ಇಳಿದ. ಅಪ್ಪನ ಗುದ್ದಲಿಯ ಗೆರೆ ಕಲ್ಲಿನಲ್ಲಿ ಇನ್ನೂ ಉಳಿದಿದ್ದ ತಳದಲ್ಲಿ ನಿಂತು, ತಾನೇ ಸುರಿದ ಬೂದು ಕೆಸರನ್ನು ಬುಟ್ಟಿಗೆ ಬಾಚಿದ. ಹೆಂಗಸರು ಮೇಲೆ ಸೇದಿ, ಅವೇ ಸಿಮೆಂಟ್ ಚೀಲಗಳಿಗೆ ತುಂಬಿದರು. ಕೈಗಾಡಿಯಲ್ಲಿ ಹೇರಿ ತಂದು ಫ್ಯಾಕ್ಟರಿ ಗೇಟಿನ ಮುಂದೆ ಬಿಚ್ಚಿ ಸುರಿದರು. ಬೆಳಿಗ್ಗೆ ಶುರುವಾದದ್ದು ಸಂಜೆಯಾಗುವ ಹೊತ್ತಿಗೆ ಗೇಟು ಯಾವ ಕಡೆಗೂ ಅಲ್ಲಾಡದ ಹಾಗೆ ಗುಡ್ಡೆಯಾಯಿತು. ಒಳಗೆ ಆಯಿಲ್ ಲಾರಿ ಹಾರನ್ ಹೊಡೆಯುತ್ತಿತ್ತು. ಓನರ್ ಫೋನ್ ಮಾಡಿದ. ವರ್ಷಗಟ್ಟಲೆ ಬಾರದಿದ್ದ ಪೊಲೀಸ್ ಜೀಪು ಆವತ್ತು ಕೂಡಲೇ ಬಂತು.

"ಏನಮ್ಮಾ ಇದು, ಹೊಲಸು?" ಎಂದ ಎಸ್‌ಐ, ಮೂಗಿಗೆ ಕರ್ಚೀಫು ಹಿಡಿದು.

"ಒಲಸಲ್ಲ ಸಾಮಿ, ಸುಣ್ಣ" ಎಂದಳು ಚಿಕ್ಕಮುನಿಯಮ್ಮ. "ಪುಗಸಟ್ಟೆ ಕೊಟ್ಟಿದ್ರು. ಇಸ್ಕೊಂಡಿದ್ದು ಸಾಕಾಯ್ತು ಅಂತ ವಾಪಸ್ ಕೊಡ್ತಾ ಇದೀವಿ."

ಅಡ್ಡಿ ಮಾಡಿದ್ದಕ್ಕೆ ಸಿದ್ದರಾಜುವನ್ನು ಜೀಪಿಗೆ ಹತ್ತಿಸಿದರು. ಮೈತುಂಬ ಕೆಸರು ಒಣಗಿ ಅವನು ಸುಣ್ಣ ಬಳಿದ ಗೋಡೆಯಂತಿದ್ದ. ಗೇಟಿನ ಸರಳಿನಾಚೆ ಅಮರೇಶ್ ನಿಂತಿದ್ದ. ಅವನಿಗೆ ಯಾರೂ ಹತ್ತು ಎನ್ನಲಿಲ್ಲ. ಅವನೂ ತಾನಾಗಿ ಬಾಯಿ ತೆರೆಯಲಿಲ್ಲ.

ಜೀಪು ಹೋದ ಮೇಲೆ ಚಿಕ್ಕಮುನಿಯಮ್ಮ ಬರಿ ಕೊಡ ಸೊಂಟಕ್ಕಿಟ್ಟು ದಾಸರಹಳ್ಳಿಯ ನಲ್ಲಿಯ ದಾರಿ ಹಿಡಿದಳು. ಅವಳ ಹಿಂದೆ ಪದ್ಮಾವತಿ, ಪುಟ್ಟಿಯನ್ನು ಹೆಗಲಿಗೆ ಹಾಕಿಕೊಂಡು, ಆಸ್ಪತ್ರೆಯ ಬಸ್ಸಿಗೆ. ಮಗು ಹೊಟ್ಟೆ ಹಿಡಿದುಕೊಂಡು ನೀರು ಕೇಳುತ್ತಿತ್ತು.