ನೂರೈವತ್ತಕ್ಕೆ ನಿಂತ ಮುಳ್ಳು

"ನೋಡು ಬಾ, ನೂರೈವತ್ತು! ಒಂದು ಗ್ರಾಂ ಆಚೆ ಇಲ್ಲ, ಈಚೆ ಇಲ್ಲ!"

ನೆವಿಲ್ ಅಂಗಳದಲ್ಲಿ ಬೋರಲಾಗಿ ಮಲಗಿದ್ದವನು ಅಲ್ಲಿಂದಲೇ ಕೂಗಿದ. ಬಚ್ಚಲುಮನೆಯ ತೂಕದ ಯಂತ್ರವನ್ನು ಹೊರಗೆ ತಂದು, ಅದರ ಮೇಲೆ ಹಲಗೆ, ಹಲಗೆಯ ಮೇಲೊಂದು ಮರದ ತುಂಡು ನಿಲ್ಲಿಸಿ, ಕಾರಿನ ಹಿಂದೆ ಕಟ್ಟಿ ಪ್ರವಾಸ ಹೋಗುವ ಮನೆಬಂಡಿಯಾದ ಕ್ಯಾರವಾನಿನ ಮೂತಿಯನ್ನು ಅದರ ಮೇಲೆ ಇಳಿಸಿದ್ದ. ಕಾರಿನ ಕೊಕ್ಕೆಯ ಮೇಲೆ ಎಷ್ಟು ಭಾರ ಕೂರುತ್ತದೆಂದು ತಿಳಿಯಲು ಅವರ ಊರು ವಾರಕ್ನಬೀಲಿನ ಗಂಡಸರೆಲ್ಲ ಮಾಡುವುದು ಹೀಗೆಯೇ. ಕಾರಿನ ಕೈಪಿಡಿಯ ಪ್ರಕಾರ ಮಿತಿ ನೂರೈವತ್ತು ಕಿಲೋ.

ಹೆಂಡತಿ ಗ್ಲೆನಿಸ್ ಬಗ್ಗಿ ನೋಡಿದಳು. ಮುಳ್ಳು ನೂರೈವತ್ತಕ್ಕೆ ನಿಂತದ್ದು ನಿಜ. ಆ ಯಂತ್ರದಲ್ಲಿ ಅದರಾಚೆಗೆ ಅಂಕಿಯೇ ಇರಲಿಲ್ಲ, ಪಾಪ, ಮುಳ್ಳಾದರೂ ಎಲ್ಲಿಗೆ ಹೋಗಬೇಕು? ಊರಿನ ಗೋಧಿ ಉಗ್ರಾಣದ ವೇಬ್ರಿಡ್ಜಿನಲ್ಲಿ ಇಪ್ಪತ್ತೆರಡು ಸುಗ್ಗಿಗಳ ಕಾಲ ಲಾರಿ ತೂಗಿದವಳು ಅವಳು. ತಿರುವಿನಲ್ಲಿ ಲಾರಿ ವಾಲುವುದನ್ನು ನೋಡಿಯೇ ಎಷ್ಟು ಟನ್ನೆಂದು ಹೇಳಬಲ್ಲಳು. ಆದರೂ ತೂಕದ ವಿಷಯವನ್ನು ಅವಳ ಗಂಡ ಒಂದು ದಿನವೂ ಅವಳ ಹತ್ತಿರ ಕೇಳಿದವನಲ್ಲ. ಕೇಳಬೇಕಾದರೆ ಪಕ್ಕದ ಮನೆಯ ಕೆಲ್ವಿನ್ ಇದ್ದನಲ್ಲ.

ಕೆಲ್ವಿನ್ ಬೇಲಿಯ ಮೇಲೆ ಬಿಯರ್ ಡಬ್ಬಿ ಇಟ್ಟುಕೊಂಡು ನಿಂತಿದ್ದ. ಕ್ಯಾರವಾನ್ ಎಳೆದುಕೊಂಡು ದೇಶವನ್ನು ಒಂದೂವರೆ ಸುತ್ತು ಹಾಕಿದವನು ಅವನು. ಎರಡನೆಯ ಸುತ್ತಿನ ನಡುದಾರಿಯಲ್ಲಿ ಹೆಂಡತಿ ಬಸ್ಸು ಹತ್ತಿ ಮನೆಗೆ ಬಂದಿದ್ದಳೆಂಬುದನ್ನು ಮಾತ್ರ ಬಾಯಿಬಿಡುತ್ತಿರಲಿಲ್ಲ.

"ನಾನ್ ಹೇಳ್ಲಿಲ್ವಾ? ಭಾರದ್ದೇನೂ ತಕರಾರಿಲ್ಲ, ನೆವ್. ನಿನ್ನ ಕಾರಿನ ಹಿಂಭಾಗ ಮೆತ್ತಗೆ, ಅಷ್ಟೇ. ಸ್ಪ್ರಿಂಗ್ ಒಳಗೆ ಎರಡು ಗಾಳಿಚೀಲ ಹಾಕ್ಸು. ಗಾಳಿ ಹೊಡಿ, ಎದ್ದು ನಿಲ್ಲುತ್ತೆ."

"ಗಟ್ಟಿ ಸ್ಪ್ರಿಂಗೇ ಹಾಕ್ಸಿದ್ರೆ?"

"ಹಾಕ್ಸು, ಹಾಕ್ಸು. ಬರೀ ಕಾರಲ್ಲಿ ಅಂಗಡಿಗೆ ಹೋದಾಗ ಸೊಂಟ ಮುರ್ಕೊ. ಗಾಳಿಚೀಲ ಆದ್ರೆ ಬೇಡ ಅಂದಾಗ ಗಾಳಿ ಇಳಿಸ್ಬಹುದು ಮಾರಾಯ."

ಮೂರು ದಿನದಿಂದ ಇದೇ ಪುರಾಣ. ಕ್ಯಾರವಾನ್ ಕಟ್ಟಿದ ಕೂಡಲೇ ಕಾರಿನ ಹಿಂಭಾಗ ಕುಸಿದು ಮುಂದಿನ ದೀಪಗಳು ಆಕಾಶ ನೋಡುತ್ತಿದ್ದವು. ಈ ಇಬ್ಬರು ಪಂಡಿತರಿಗೆ ಕಂಡದ್ದು ಕುಸಿದ ಹಿಂಭಾಗ ಮಾತ್ರ.

"ನೆವ್, ಆ ಯಂತ್ರ..." ಎಂದು ಗ್ಲೆನಿಸ್ ಶುರುಮಾಡಿದಳು.

"ಗ್ಲೆನ್, ಸ್ವಲ್ಪ ಟೀ ಇಡ್ತೀಯಾ?" ನೆವಿಲ್ ಅವಳ ಮಾತು ತುಂಡರಿಸಿದ. " ಗುರುವಾರ ಹೊರ್ಶಮ್‌ಗೆ ಹೋಗಿ ಹಾಕ್ಸೇಬಿಡೋಣ."

ಅವಳು ಒಳಗೆ ಹೋಗಿ ಟೀಗೆ ನೀರಿಟ್ಟಳು. ಹಾಕಿಸಲಿ. ಹೊರ್ಶಮ್‌ನ ಗ್ಯಾರೇಜಿನಲ್ಲಿ, ನಾಲ್ಕು ಜನ ಗಂಡಸರ ಮುಂದೆ, ನಿಜವಾದ ಯಂತ್ರದ ಮೇಲೆ ಇವನ ಜಾಣತನ ತೂಕವಾಗಲಿ. ಅದನ್ನು ನೆನೆದೇ ಅವಳಿಗೆ ಖುಷಿಯಾಯಿತು. ಕಿಟಕಿಯಾಚೆ ಕೆಲ್ವಿನ್ ನೆವಿಲನ ಬೆನ್ನು ತಟ್ಟುತ್ತಿದ್ದ. ದಡ್ಡರು, ಎಂದುಕೊಂಡು ಅವಳು ಬಿಸ್ಕತ್ತಿನ ಡಬ್ಬಿಯನ್ನು ಕಪಾಟಿನಲ್ಲೇ ಬಿಟ್ಟಳು.

ಎಷ್ಟು ಗಾಳಿ ತುಂಬಬೇಕೆಂದು ನೋಡಲು ಸಾಮಾನು ತುಂಬಿದ ಕ್ಯಾರವಾನನ್ನೇ ತರಬೇಕೆಂದು ಗ್ಯಾರೇಜಿನವರು ಹೇಳಿದ್ದರು. ಗುರುವಾರ ಬೆಳಿಗ್ಗೆ ಹೊರಟರು. ಹೆದ್ದಾರಿಗೆ ಬಂದು ಹತ್ತು ಮೈಲಿ ಆಗಿರಲಿಲ್ಲ, ಎದುರಿನಿಂದ ಗೋಧಿ ತುಂಬಿದ ಎರಡು ತೊಟ್ಟಿಗಳ ಉದ್ದನೆಯ ಲಾರಿಯೊಂದು ಬಿರುಸಾಗಿ ದಾಟಿತು. ಕ್ಯಾರವಾನ್ ಒಮ್ಮೆ ಆಚೆ ಎಳೆಯಿತು, ಒಮ್ಮೆ ಈಚೆ ಎಳೆಯಿತು. ನೆವಿಲ್ ಸ್ಟೀರಿಂಗ್ ತಿರುಗಿಸಿದ, ಕಾರು ತಿರುಗಲಿಲ್ಲ. ಎಡಗಡೆಯ ಚಕ್ರಗಳು ಜಲ್ಲಿಗೆ ಇಳಿದವು. ಗ್ಲೆನಿಸ್ ಬಾಗಿಲ ಮೇಲಿನ ಹಿಡಿಗೆ ಜೋತುಬಿದ್ದಳು. ಅದು ಹೇಗೋ ಕಾರು ಮತ್ತೆ ಡಾಂಬರಿಗೆ ಹತ್ತಿತು.

"ಗಾಳಿ," ಎಂದ ನೆವಿಲ್. ಬೆವರು ಅವನ ಕಿವಿಯ ಹಿಂದಿನಿಂದ ಇಳಿಯುತ್ತಿತ್ತು.

ರಸ್ತೆ ಬದಿಯ ನೀಲಗಿರಿ ಮರಗಳಲ್ಲಿ ಒಂದೆಲೆಯೂ ಅಲುಗುತ್ತಿರಲಿಲ್ಲ.

"ಹೂಂ, ಭಾರೀ ಗಾಳಿ," ಎಂದಳು ಗ್ಲೆನಿಸ್.

ಗ್ಯಾರೇಜಿನ ಡಾರಿಲ್ ಹೆಚ್ಚು ಮಾತಿನವನಲ್ಲ. ಕ್ಯಾರವಾನನ್ನು ಬಿಚ್ಚಿ, ತನ್ನ ತೂಕದ ಸಾಧನವನ್ನು ಅದರ ಮೂತಿಯಡಿ ಇಟ್ಟು ಓದಿದ. "ಇನ್ನೂರ ಹನ್ನೆರಡು."

"ಸಾಧ್ಯಾನೇ ಇಲ್ಲ. ಮನೇಲಿ ಕರೆಕ್ಟಾಗಿ ನೂರೈವತ್ತು ಬಂತು."

"ಯಾವುದರಲ್ಲಿ ತೂಗಿದ್ರಿ ಯಜಮಾನ್ರೇ?"

"ಬಾತ್‌ರೂಮಿಂದು."

"ಅದು ಎಷ್ಟರ ತನಕ ತೋರ್ಸುತ್ತೆ?"

ಬೆಂಚಿನ ಮೇಲೆ ತನ್ನ ಸರದಿಗೆ ಕಾದಿದ್ದ ರೈತನೊಬ್ಬ ಕಾಫಿ ಮೂಗಿಗೆ ಏರಿಸಿಕೊಂಡು ನಕ್ಕ.

"ಗಾಳಿಚೀಲ ಹಾಕು ಅಂದ್ರೆ ಹಾಕ್ತೀನಿ, ನಂಗೇನು," ಎಂದ ಡಾರಿಲ್. "ಕಾರು ನೆಟ್ಟಗೆ ನಿಲ್ಲುತ್ತೆ, ನೋಡೋಕೂ ಚೆನ್ನಾಗಿರುತ್ತೆ. ಆದ್ರೆ ಭಾರ ಎಲ್ಲಿಗೂ ಹೋಗಲ್ಲ. ಕೊಕ್ಕೆ ಮೇಲೆ ಇಷ್ಟು ಕೂತ್ರೆ ಕಾರಿನ ಮುಂದಿನ ಚಕ್ರ ನೆಲ ಹಿಡಿಯಲ್ಲ. ಮೊದ್ಲು ಕ್ಯಾರವಾನ್ ಮುಂದಿನ ಸಾಮಾನಿನ ಪೆಟ್ಟಿಗೆ ಖಾಲಿ ಮಾಡಿ, ನೂರೈವತ್ತಕ್ಕೆ ಇಳಿಸಿ. ಆಮೇಲೂ ಬಗ್ಗಿದ್ರೆ ಬನ್ನಿ. ದಾರೀಲಿ ಸ್ಟೀರಿಂಗ್ ಹಗುರ ಆಗ್ಲಿಲ್ವಾ ನಿಮ್ಗೆ?"

ಗ್ಲೆನಿಸ್ ಕಾದಿದ್ದ ಗಳಿಗೆ ಇದೇ. "ಆ ಯಂತ್ರದಲ್ಲಿ ನೂರೈವತ್ತರ ಆಚೆ ಅಂಕೀನೇ ಇಲ್ಲ," ಎಂದಳು, ಎಲ್ಲರಿಗೂ ಕೇಳುವಂತೆ. "ನಾನು ಅವತ್ತೇ ನೋಡ್ದೆ."

ರೈತ ಇನ್ನೂ ಜೋರಾಗಿ ನಗುತ್ತಾನೆಂದು ಅವಳು ಎಣಿಸಿದ್ದಳು. ಅವನ ನಗು ನಿಂತುಹೋಯಿತು.

"ಅವತ್ತೇನಾ?" ಎಂದ ನೆವಿಲ್.

"ಹೂಂ."

"ಮತ್ತೆ ಆ ಲಾರಿ ಬಂದಾಗ... ಗಾಳಿ ಅಲ್ಲ ಅಂತ ಗೊತ್ತಿತ್ತಾ ನಿಂಗೆ?"

ಅವನು ರೇಗಿದ್ದರೆ ಅವಳ ಬಳಿ ಮೂವತ್ತೈದು ವರ್ಷದ ಉತ್ತರಗಳು ಸಿದ್ಧವಿದ್ದವು. ಅವನು ರೇಗಲಿಲ್ಲ. ಬೋಳುತಲೆಯ ಮೇಲೆ ಕೈಯಿಟ್ಟುಕೊಂಡು, ನಿಜಕ್ಕೂ ತಿಳಿಯದೆ ಕೇಳುವವನ ಹಾಗೆ ಕೇಳಿದ: "ಇಬ್ರೂ ಸತ್ತೋಗ್ತಿದ್ವಲ್ಲ, ಗ್ಲೆನ್. ಗೊತ್ತಿದ್ದೂ ಬಂದು ಪಕ್ಕದಲ್ಲಿ ಕೂತ್ಯಾ?"

"ನೀನು ಕೇಳ್ಲಿಲ್ಲ," ಎಂದಳು. ಅವತ್ತಿನಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತು, ಹೊರಗೆ ಬಿದ್ದಾಗ ಅವಳಿಗೇ ನಾಚಿಕೆಯಾಯಿತು. ಡಾರಿಲ್ ಬೆನ್ನು ತಿರುಗಿಸಿ, ಕೈಯಲ್ಲೇ ಇದ್ದ ಸ್ಪ್ಯಾನರನ್ನು ಹುಡುಕತೊಡಗಿದ.

ಕ್ಯಾರವಾನನ್ನು ಗ್ಯಾರೇಜಿನ ಅಂಗಳದಲ್ಲೇ ಬಿಡುವುದೆಂದಾಯಿತು. ನೆವಿಲ್ ಕಾರಿನ ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು, ಎಡಗಡೆಯ ಬಾಗಿಲು ತೆರೆದು, ಅವಳು ಕೂತು ಬಂದಿದ್ದ ಜಾಗದಲ್ಲಿ ಕುಳಿತು ಬೆಲ್ಟು ಹಾಕಿಕೊಂಡ. ಗ್ಲೆನಿಸ್ ಕೀಲಿ ತೆಗೆದುಕೊಂಡು ಸುತ್ತಿ ಬಂದು ಡ್ರೈವರ್ ಸೀಟಿಗೆ ಹತ್ತಿದಳು. ಅವಳ ಕಾಲು ಬ್ರೇಕಿಗೆ ಎಟುಕಲಿಲ್ಲ. ಸೀಟನ್ನು ಮುಂದಕ್ಕೆಳೆಯುವ ಹಿಡಿ ಎಲ್ಲಿದೆಯೋ ಅವಳಿಗೆ ಗೊತ್ತಿರಲಿಲ್ಲ. ಬಗ್ಗಿ ಸೀಟಿನ ಕೆಳಗೆ ತಡಕಿದಳು, ಪಕ್ಕದಲ್ಲಿ ತಡಕಿದಳು. ನೆವಿಲ್ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಎದುರಿನ ಗಾಜಿನಾಚೆ ನೋಡುತ್ತಿದ್ದ. ಅವಳು ಕೇಳಲಿಲ್ಲ. ತಡಕುತ್ತಲೇ ಇದ್ದಳು.